ಸ್ವಂತ ಡೊಮೇನ್ ಕೊಂಡಾಯಿತು, ಈಗ ಇಮೇಲ್ ಎಲ್ಲಿಡಲಿ?

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಮನೆಯಿಂದಲೇ ಡಿಟಿಪಿ ಮಾಡುತ್ತೇನೆ. ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ, ವರ್ಷಕ್ಕೆ ಒಂದೆರಡು ಪುಸ್ತಕ. ಟೈಪ್ ಮಾಡುವವಳೂ ನಾನೇ, ಕರಡು ತಿದ್ದುವವಳೂ ನಾನೇ. ಫೈಲು ಬರುವುದು ಹೋಗುವುದು ಎಲ್ಲ ಇಮೇಲ್‌ನಲ್ಲಿ.

2011ರಿಂದ ನನಗೆ ಇರುವುದು ಒಂದೇ ವಿಳಾಸ. ನಮ್ಮೂರಿಗೆ ಇಂಟರ್ನೆಟ್ ಎಳೆದ ಕಂಪನಿಯವರು ಕನೆಕ್ಷನ್ ಜೊತೆ ಪುಕ್ಕಟೆ ಕೊಟ್ಟದ್ದು. ಈಗ ಅವರನ್ನು ಇನ್ಯಾರೋ ಕೊಂಡಿದ್ದಾರೆ. ಹೋದ ವಾರ ಒಂದೇ ಸಾಲಿನ ಮೇಲ್ ಬಂತು, ಎರಡು ತಿಂಗಳಲ್ಲಿ ಇಮೇಲ್ ಸೇವೆ ನಿಲ್ಲಿಸುತ್ತೇವೆ ಅಂತ. ಫೋನ್ ಮಾಡಿದರೆ ಹಾಡು ಕೇಳಿಸುತ್ತದೆ, ಮಾತಾಡುವವರಿಲ್ಲ. ಬ್ಯಾಂಕು, ಎಲ್‌ಐಸಿ, ಪ್ಯಾನ್, ಗ್ಯಾಸ್, ಎಲ್ಲ ಆ ವಿಳಾಸಕ್ಕೇ ಕಟ್ಟಿಕೊಂಡಿದೆ. ಶಿವಮೊಗ್ಗದ, ಬೆಂಗಳೂರಿನ ಪ್ರೆಸ್ಸುಗಳವರಿಗೆ ಗೊತ್ತಿರುವುದೂ ಅದೊಂದೇ.

ಮಗಳು ‘ಅಮ್ಮಾ, ಸುಮ್ನೆ ಒಂದು ಜಿಮೇಲ್ ಮಾಡ್ಕೋ’ ಅಂದಳು. ಫೋನಿನಲ್ಲಿ ಒಂದು ಇದೆ. ನನ್ನ ಹೆಸರಿನವರು ಎಷ್ಟು ಜನ ಇದ್ದಾರೋ ಏನೋ, ನನ್ನ ಪಾಲಿಗೆ ಉಳಿದದ್ದು ಹೆಸರಿನ ಹಿಂದೆ ನಾಲ್ಕು ಅಂಕೆ ಇರುವ ವಿಳಾಸ. ಅದನ್ನು ಫೋನಿನಲ್ಲಿ ಹೇಳುವಷ್ಟರಲ್ಲಿ ಗಿರಾಕಿಗೆ ಸಾಕಾಗುತ್ತದೆ. ಇನ್ನೊಮ್ಮೆ ಯಾರದೋ ಕೈಯಲ್ಲಿ ಸಿಕ್ಕಿಕೊಳ್ಳುವುದು ಬೇಡ ಅನ್ನಿಸಿತು. ಹಟಕ್ಕೆ ಬಿದ್ದು ಮನೆ ಹೆಸರಿನಲ್ಲಿ ಒಂದು ಡಾಟ್ ಇನ್ ಡೊಮೇನ್, ಅಂದರೆ ವಿಳಾಸದಲ್ಲಿ ಅಟ್ ಗುರುತಿನ ಆಮೇಲೆ ಬರುವ ಹೆಸರು, ಕೊಂಡೆ.

ಕೊಳ್ಳುವಾಗ ಒಂದು ತಮಾಷೆ. ನಮ್ಮ ಮನೆ ಹೆಸರಿನಲ್ಲಿ ಒಂದು ‘ಳ’ ಇದೆ, ಒಂದು ದೀರ್ಘ ‘ಆ’ ಇದೆ, ಕೊನೆಯಲ್ಲಿ ಒಂದು ‘ತ’ ಇದೆ. ಇಂಗ್ಲಿಷಿನಲ್ಲಿ ಎ ಒಂದೋ ಎರಡೋ, ಟಿ ಬರೀ ಟಿಯೋ, ಪಕ್ಕದಲ್ಲಿ ಎಚ್ ಬೇಕೋ? ಮನೆಯಲ್ಲಿ ಮೂರು ಜನ ಮೂರು ಥರ ಬರೆದೆವು. ದಿನಾ ಬೇರೆಯವರ ಕಾಗುಣಿತ ತಿದ್ದುವವಳಿಗೆ ತನ್ನ ಮನೆ ಹೆಸರಿನ ಸ್ಪೆಲ್ಲಿಂಗ್ ಗೊತ್ತಿಲ್ಲ ನೋಡಿ.

ಇನ್ನು ಪ್ರಶ್ನೆಗಳು. ಡೊಮೇನ್ ಕೊಂಡರೆ ಇಮೇಲ್ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ, ಬಂದಿಲ್ಲ. ಎಲ್ಲಿ ತೆಗೆದುಕೊಳ್ಳಲಿ? ಮೂರು ಡಬ್ಬಿ ಬೇಕು, ನನಗೆ, ಯಜಮಾನರಿಗೆ, ಮಗಳಿಗೆ. ವರ್ಷಕ್ಕೆ ₹3,000 ದಾಟಬಾರದು. ಹಳೆಯ ಮೇಲ್ 9 ಜಿಬಿ ಇದೆ, ಅದನ್ನು ಹೊತ್ತು ತರಬಹುದಾ? ಭಾವನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ‘ಅತ್ತೆ, ಹಳೇ ಕಂಪ್ಯೂಟರ್ ಕೊಡಿ, ಮನೆಯಲ್ಲೇ ಸರ್ವರ್ ಮಾಡಿಕೊಡ್ತೀನಿ’ ಅನ್ನುತ್ತಾನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಿದ್ದವರು ಉತ್ತರ ಹೇಳಿ.

ಗೇರುಬೀಜ:

ಅಕ್ಕಾ, ನಾನು ಪುತ್ತೂರಿನ ಕಡೆಯವನು. ಲೆಕ್ಕ ಬರೆಯುವ ಕೆಲಸ, ಕಂಪ್ಯೂಟರ್ ಓದಿದವನಲ್ಲ. 2009ರಿಂದ ಸ್ವಂತ ಡೊಮೇನ್‌ನಲ್ಲಿ ಮೇಲ್ ಇಟ್ಟುಕೊಂಡಿದ್ದೇನೆ. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಡೊಮೇನ್ ಬೇರೆ, ಮೇಲ್ ಡಬ್ಬಿ ಬೇರೆ. ಡೊಮೇನ್ ಅಂದರೆ ಹೆಸರು ಅಷ್ಟೇ. ಮೇಲ್ ಬಂದು ಬೀಳುವ ಜಾಗವನ್ನು ಇನ್ನೊಬ್ಬರ ಹತ್ತಿರ ತೆಗೆದುಕೊಳ್ಳಬೇಕು. ಎರಡಕ್ಕೂ ನಂಟು ಹಾಕುವುದು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ, ಇರುವ ಎಂಎಕ್ಸ್ ರೆಕಾರ್ಡ್ ಅನ್ನುವ ಸಾಲು. ‘ಈ ಹೆಸರಿಗೆ ಬಂದ ಮೇಲನ್ನು ಇಂಥವರ ಸರ್ವರಿಗೆ ಕೊಡಿ’ ಅಂತ ಅದು ಹೇಳುತ್ತದೆ. ನಾಳೆ ಅವರು ಬೇಡವಾದರೆ ಎಂಎಕ್ಸ್ ಬದಲಿಸಿದರಾಯಿತು, ನಿಮ್ಮ ವಿಳಾಸ ಅದೇ ಇರುತ್ತದೆ. ಪ್ರೆಸ್ಸಿನವರಿಗೆ ಗೊತ್ತೂ ಆಗುವುದಿಲ್ಲ.

ನನಗೆ ಇದು ಅರ್ಥವಾದದ್ದು 2022ರಲ್ಲಿ. ಗೂಗಲ್ 2006ರಲ್ಲಿ ಸ್ವಂತ ಡೊಮೇನ್‌ನವರಿಗೆ ಪುಕ್ಕಟೆ ಮೇಲ್ ಕೊಡಲು ಶುರು ಮಾಡಿತ್ತು, ನಾನು ಅದರಲ್ಲಿದ್ದೆ. 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ನಿಲ್ಲಿಸಿತು. 2022ರ ಜನವರಿಯಲ್ಲಿ ಹಳಬರಿಗೂ ನಿಲ್ಲಿಸುತ್ತೇವೆ ಎಂದಿತು. ಕೆಲವು ತಿಂಗಳ ಮೇಲೆ, ಸ್ವಂತ ಬಳಕೆಯವರು ಪುಕ್ಕಟೆ ಮುಂದುವರಿಯಬಹುದು ಎಂದಿತು. ಅಷ್ಟರಲ್ಲಿ ನಾನು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಿಯಾಗಿತ್ತು. ಒಂದು ಶನಿವಾರ ರಾತ್ರಿ ಎಂಎಕ್ಸ್ ಬದಲಿಸಿದೆ, ಬೆಳಿಗ್ಗೆ ಹಾಲಿನ ಡೇರಿಯ ಬಿಲ್ಲು ಹೊಸ ಡಬ್ಬಿಗೆ ಬಂದಿತ್ತು.

ಎಲ್ಲಿ ತೆಗೆದುಕೊಳ್ಳುವುದು ಅಂತ ಕೇಳಿದಿರಿ. ಮೂರು ದಾರಿ ಇವೆ.

ಬರೀ ದಾಟಿಸುವ ಸೇವೆ ಒಂದು. ಕ್ಲೌಡ್‌ಫ್ಲೇರ್‌ನ ಇಮೇಲ್ ರೂಟಿಂಗ್ ಪುಕ್ಕಟೆ. ನಿಮ್ಮ ಡೊಮೇನಿಗೆ ಬಂದದ್ದನ್ನು ನಿಮ್ಮ ಜಿಮೇಲಿಗೆ ತಳ್ಳುತ್ತದೆ. ಆದರೆ ಉತ್ತರ ಬರೆದರೆ ಅದು ಹೋಗುವುದು ನಾಲ್ಕು ಅಂಕೆಯ ವಿಳಾಸದಿಂದಲೇ. ಜಿಮೇಲ್‌ನಲ್ಲಿ ಬೇರೆ ವಿಳಾಸದಿಂದ ಕಳಿಸುವ ಉಪಾಯ ಇದೆ. ಆದರೆ ಜಿಮೇಲ್ ಸರ್ವರಿನಿಂದಲೇ ಕಳಿಸಿದರೆ ಸಹಿ ಜಿಮೇಲ್‌ನದು, ಹೆಸರು ನಿಮ್ಮದು. ತಾಳೆ ಆಗುವುದಿಲ್ಲ. ಗಿರಾಕಿಗಳಿಗೆ ಬಿಲ್ಲು ಕಳಿಸುವವರಿಗೆ ಇದು ಬೇಡ.

ಎರಡನೆಯದು ಜೋಹೋದಂಥವರ ಪುಕ್ಕಟೆ ಪ್ಲಾನ್. ಐದು ಡಬ್ಬಿ, ಒಂದೊಂದಕ್ಕೆ 5 ಜಿಬಿ. ಆದರೆ ಅದರಲ್ಲಿ ಐಮ್ಯಾಪ್ ಇಲ್ಲ. ಅಂದರೆ ಬ್ರೌಸರ್ ಮತ್ತು ಅವರ ಆ್ಯಪ್ ಬಿಟ್ಟು ಬೇರೆ ಕಡೆಯಿಂದ ನೋಡಲು ಆಗುವುದಿಲ್ಲ. ನಿಮ್ಮದು 9 ಜಿಬಿ, ಅದೂ ಹೊತ್ತು ತರಬೇಕು. ನಿಮ್ಮ ಡಬ್ಬಿಗಂತೂ ಇದು ಸಾಲದು.

ಮೂರನೆಯದು ದುಡ್ಡು ಕೊಟ್ಟು ತೆಗೆದುಕೊಳ್ಳುವುದು. ಜೋಹೋದ ಸಣ್ಣ ಪ್ಲಾನ್, ಆಸ್ಟ್ರೇಲಿಯಾದ ಫಾಸ್ಟ್‌ಮೇಲ್, ಸ್ವಿಟ್ಜರ್ಲೆಂಡಿನ ಪ್ರೋಟಾನ್, ಮಿಗಾಡು, ಹೀಗೆ. ಮಿಗಾಡು ಡಬ್ಬಿ ಲೆಕ್ಕದಲ್ಲಿ ದುಡ್ಡು ಕೇಳುವುದಿಲ್ಲ, ಎಷ್ಟು ಮೇಲ್ ಓಡಾಡಿತು ಅನ್ನುವುದು ಅದರ ಲೆಕ್ಕ. ದೊಡ್ಡ ಕುಟುಂಬಕ್ಕೆ ಒಳ್ಳೆಯದು. ಪ್ರೋಟಾನ್‌ಗೆ ಕಂಪ್ಯೂಟರಿನ ಮೇಲ್ ಪ್ರೋಗ್ರಾಂ ಜೋಡಿಸಲು ಬ್ರಿಜ್ ಅಂತ ಒಂದು ಬೇರೆ ಸಾಫ್ಟ್‌ವೇರ್ ಹಾಕಬೇಕು. ನಿಮ್ಮ ಬಜೆಟ್ಟಿಗೆ ರೂಪಾಯಿಯಲ್ಲಿ ಬಿಲ್ಲು ಕೊಡುವವರೇ ವಾಸಿ ಅಂತ ನನ್ನ ಅನಿಸಿಕೆ. ಮಗಳು ಒಂದು ಅಲಿಯಾಸ್‌ನಲ್ಲಿ (ಬೇರೆ ಡಬ್ಬಿ ಇಲ್ಲದೆ, ಇರುವ ಡಬ್ಬಿಗೇ ಇನ್ನೊಂದು ವಿಳಾಸ) ಸುಧಾರಿಸಿಕೊಂಡರೆ ಇನ್ನೂ ಕಡಿಮೆಯಾಗುತ್ತದೆ.

ಈಗ ಮುಖ್ಯ ವಿಷಯ. ಡಬ್ಬಿ ಹೋದರೆ ಬೇರೆ ಡಬ್ಬಿ ಸಿಗುತ್ತದೆ, ಡೊಮೇನ್ ಹೋದರೆ ಎಲ್ಲ ಹೋಯಿತು. ಕೊಂಡೆ ಅಂತ ನಾವು ಹೇಳುತ್ತೇವೆ, ನಿಜವಾಗಿ ಅದು ವರ್ಷದ ಗೇಣಿ.

2023ರಲ್ಲಿ ನನ್ನದು ಕೈತಪ್ಪಿತು. ತಪ್ಪು ಪೂರ್ತಿ ನನ್ನದೇ. ಆಟೋ ರಿನ್ಯೂವಲ್ ಆನ್ ಇದೆ ಅಂತ ನೆಮ್ಮದಿಯಾಗಿದ್ದೆ. ಕಾರ್ಡಿನಿಂದ ತಾನಾಗಿ ದುಡ್ಡು ಕಡಿಯಲು ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿದೆ. ಮೊದಲೇ ಇ-ಮ್ಯಾಂಡೇಟ್ (ತಾನಾಗಿ ಕಡಿಯಲು ಕೊಡುವ ಒಪ್ಪಿಗೆ) ಮಾಡಿ ಓಟಿಪಿ ಕೊಟ್ಟಿರಬೇಕು. ನಾನು ಕೊಟ್ಟಿರಲಿಲ್ಲ. ದುಡ್ಡು ಕಡಿಯಲಿಲ್ಲ. ‘ಅವಧಿ ಮುಗಿಯುತ್ತಿದೆ’ ಅಂತ ನಾಲ್ಕು ಮೇಲ್ ಬಂದಿದ್ದವು. ಜಾಹೀರಾತು ಅಂತ ನಾನೇ ಮಾಡಿದ ಫಿಲ್ಟರ್ ಅವನ್ನು ಬೇರೆ ಫೋಲ್ಡರಿಗೆ ಹಾಕಿತ್ತು.

ಒಂದು ದಿನ ತಂಗಿಯ ಗಂಡ ಫೋನ್ ಮಾಡಿ ‘ಭಾವ, ನಿಮಗೆ ಕಳಿಸಿದ್ದು ವಾಪಸ್ ಬಂತಲ್ಲ’ ಅಂದರು. ಡೊಮೇನ್ ತೆರೆದು ನೋಡಿದರೆ ಜಾಹೀರಾತಿನ ಪುಟ. ಸರಿ, ದುಡ್ಡು ಕಟ್ಟೋಣ ಅಂತ ಲಾಗಿನ್ ಮಾಡಲು ಹೋದೆ. ಹೊಸ ಫೋನು, ಹಾಗಾಗಿ ಓಟಿಪಿ ಇಮೇಲಿಗೆ ಕಳಿಸಿದ್ದೇವೆ ಎಂದಿತು. ಯಾವ ಇಮೇಲ್? ಅದೇ ಸತ್ತುಹೋದ ಡೊಮೇನಿನ ಇಮೇಲ್! ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದ ಹಾಗೆ. ಗುರುತಿನ ಚೀಟಿ ಸ್ಕ್ಯಾನ್ ಮಾಡಿ ಕಳಿಸಿ, ಬೇಡಿ, ವಾಪಸ್ ಬರಲು ಒಂಬತ್ತು ದಿನ. ಆ ಒಂಬತ್ತು ದಿನ ಬಂದ ಮೇಲ್ ಎಲ್ಲ ಕಳಿಸಿದವರಿಗೇ ಹಿಂದಿರುಗಿತು.

ಯಾರಾದರೂ ಅದನ್ನು ಕೊಂಡುಬಿಟ್ಟಿದ್ದರೆ? ನನ್ನ ಬ್ಯಾಂಕಿನ, ಟ್ಯಾಕ್ಸಿನ ಪಾಸ್‌ವರ್ಡ್ ಬದಲಿಸುವ ಲಿಂಕು ಅವರ ಡಬ್ಬಿಗೆ ಹೋಗುತ್ತಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಹಾಗಾಗಿ ಇವತ್ತೇ ಮಾಡಿ: ಡೊಮೇನ್ ಕೊಂಡ ಖಾತೆಗೆ ನಿಮ್ಮ ಆ ನಾಲ್ಕು ಅಂಕೆಯ ಜಿಮೇಲ್ ಹಾಕಿ. ಅದಕ್ಕೆ ಬೇರೆ ಕೆಲಸ ಬೇಡ, ಇದೊಂದು ಸಾಕು. ಡಾಟ್ ಇನ್ ಅನ್ನು ಒಂದೇ ಸಲಕ್ಕೆ 10 ವರ್ಷದವರೆಗೆ ಕಟ್ಟಬಹುದು. ಕೈಯಲ್ಲಿ ದುಡ್ಡಿದ್ದಾಗ ಐದು ವರ್ಷ ಕಟ್ಟಿಬಿಡಿ. ಮೊದಲ ವರ್ಷದ ಆಫರ್ ದರ ನೋಡಿ ಮರುಳಾಗಬೇಡಿ, ರಿನ್ಯೂವಲ್ ದರ ಜಾಸ್ತಿ ಇರುತ್ತದೆ. ಗೋಡೆ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಕ್ಕೆ ಒಂದು ಗುರುತು ಹಾಕಿ. ನಗಬೇಡಿ, ನಾನು ಹಾಕಿದ್ದೇನೆ, ಸಂಕಷ್ಟಿ ಗುರುತಿನ ಪಕ್ಕದಲ್ಲಿ.

ಹಳೆಯ ಮೇಲ್ ತರುವುದು ಸುಲಭ, ಬರೀ ನಿಧಾನ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿ, ಹಳೆಯದು ಹೊಸದು ಎರಡನ್ನೂ ಐಮ್ಯಾಪ್‌ನಲ್ಲಿ ಜೋಡಿಸಿ. ಹಳೆಯದರ ಫೋಲ್ಡರನ್ನು ಹಿಡಿದು ಹೊಸದಕ್ಕೆ ಎಳೆದು ಹಾಕಿ. ಒಂದೇ ಸಲಕ್ಕೆ 9 ಜಿಬಿ ಎಳೆಯಬೇಡಿ, ವರ್ಷಕ್ಕೊಂದು ಫೋಲ್ಡರ್ ಮಾಡಿ ರಾತ್ರಿ ಬಿಟ್ಟು ಮಲಗಿ. ಹಳೆಯ ಕಂಪನಿಯವರು ಬರೀ ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಳೆಯ ವಿಧಾನ) ಕೊಟ್ಟಿದ್ದರೆ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು ಅಲ್ಲಿಂದ ಏರಿಸಬೇಕು. ಏನೇ ಆದರೂ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇರಲಿ.

ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅಂತ ಮೂರು ಹೆಸರು ಎದುರಾಗುತ್ತವೆ. ಹೆದರಬೇಡಿ. ಎಸ್‌ಪಿಎಫ್ ಅಂದರೆ ನನ್ನ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅಪ್ಪಣೆ ಇದೆ ಅನ್ನುವ ಪಟ್ಟಿ. ಡಿಕೆಐಎಂ ಅಂದರೆ ಪ್ರತಿ ಮೇಲಿನ ಮೇಲೆ ಬೀಳುವ ಮುದ್ರೆ. ಡಿಮಾರ್ಕ್ ಅಂದರೆ ಎರಡೂ ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ. ಮೂರೂ ಡಿಎನ್‌ಎಸ್‌ನಲ್ಲಿ ಬರೆಯುವ ಒಂದೊಂದು ಸಾಲು. ಸೇವೆ ಕೊಡುವವರೇ ಸಾಲು ಕೊಡುತ್ತಾರೆ, ನೀವು ನಕಲು ಮಾಡಿ ಅಂಟಿಸಿದರಾಯಿತು. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಎರಡೂ ಇದನ್ನು ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ನಮ್ಮಂಥವರಿಗೆ ಮೊದಲ ಎರಡರಲ್ಲಿ ಒಂದಾದರೂ ಬೇಕು. ಮೂರನ್ನೂ ಹಾಕಿಬಿಡಿ, ಹತ್ತು ನಿಮಿಷದ ಕೆಲಸ.

ಆ ‘ಳ’, ‘ತ’ ವಿಷಯ: ಜನ ಜಾಸ್ತಿ ತಪ್ಪು ಬರೆಯುವ ಇನ್ನೊಂದು ಸ್ಪೆಲ್ಲಿಂಗನ್ನೂ ಕೊಂಡು ಇದಕ್ಕೇ ಜೋಡಿಸಿ. ನಾನು ಎಚ್ ಇರುವುದು, ಎಚ್ ಇಲ್ಲದ್ದು ಎರಡನ್ನೂ ಇಟ್ಟುಕೊಂಡಿದ್ದೇನೆ. ತಿಂಗಳಿಗೆ ನಾಲ್ಕೈದು ಮೇಲ್ ತಪ್ಪು ಸ್ಪೆಲ್ಲಿಂಗಿಗೇ ಬರುತ್ತವೆ.

ಪೋರ್ಟ್25:

ಗೇರುಬೀಜ ಅವರು ಎಲ್ಲ ಹೇಳಿದ್ದಾರೆ. ಭಾವನ ಮಗನ ಸರ್ವರ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಆ ಹುಡುಗ ಒಂದು ಕಾಲಕ್ಕೆ ನಾನೇ ಆಗಿದ್ದೆ.

ಹುಬ್ಬಳ್ಳಿ. 2014ರಿಂದ 2020ರವರೆಗೆ ಬಾಡಿಗೆ ಸರ್ವರ್ ಮೇಲೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್ ಹಾಕಿ ನಾನೇ ನಡೆಸಿದೆ. ಬರುವ ಮೇಲ್ ಒಂದು ದಿನವೂ ತೊಂದರೆ ಕೊಡಲಿಲ್ಲ. ಸರ್ವರ್ ಒಂದು ರಾತ್ರಿ ಮಲಗಿದರೂ ಪರವಾಗಿಲ್ಲ, ಕಳಿಸುವ ಕಡೆಯ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ತೊಂದರೆ ಇರುವುದು ಕಳಿಸುವುದರಲ್ಲಿ.

ಮನೆಯ ಇಂಟರ್ನೆಟ್‌ನಿಂದ ಅಂತೂ ಬೇಡ. ಮೇಲ್ ಸರ್ವರುಗಳು ತಮ್ಮತಮ್ಮಲ್ಲಿ ಮಾತಾಡುವುದು 25ನೇ ಪೋರ್ಟಿನಲ್ಲಿ, ಅಂದರೆ 25 ಅಂತ ಅಂಕೆ ಹಾಕಿದ ಬಾಗಿಲಿನಲ್ಲಿ. ಸ್ಪ್ಯಾಮ್ ತಡೆಯಲು ಬಹಳಷ್ಟು ಇಂಟರ್ನೆಟ್ ಕಂಪನಿಗಳು ಮನೆ ಕನೆಕ್ಷನ್ನಿಗೆ ಅದನ್ನು ಮುಚ್ಚಿರುತ್ತವೆ. ಎಷ್ಟೋ ಕಡೆ ಒಂದೇ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ಕನೆಕ್ಷನ್ನಿನ ಅಂಕೆಯ ವಿಳಾಸ) ನೂರಾರು ಮನೆಗೆ ಹಂಚಿರುತ್ತಾರೆ, ಹೊರಗಿನವರು ನಿಮ್ಮ ಕಂಪ್ಯೂಟರನ್ನು ಮುಟ್ಟುವುದೇ ಆಗುವುದಿಲ್ಲ. ಅದನ್ನೂ ದಾಟಿದಿರಿ ಅನ್ನಿ, ಮನೆ ಕನೆಕ್ಷನ್ನಿನ ಐಪಿಗಳು ಸ್ಪ್ಯಾಮ್ ಮೇಲೆ ಕಣ್ಣಿಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯವರ ಒಂದು ಪಟ್ಟಿಯಲ್ಲಿ ಮೊದಲೇ ಇರುತ್ತವೆ. ‘ಇಲ್ಲಿಂದ ನೇರ ಮೇಲ್ ಬರಬಾರದು’ ಅನ್ನುವ ಪಟ್ಟಿ ಅದು. ಐಪಿಯಿಂದ ಹೆಸರಿಗೆ ಹಿಂದಕ್ಕೆ ತೋರಿಸುವ ಪಿಟಿಆರ್ ರೆಕಾರ್ಡ್ ಕೂಡ ಬೇಕು. ಅದನ್ನು ಬರೆಯುವ ಅಧಿಕಾರ ಐಪಿ ಯಾರದೋ ಅವರಿಗೆ ಮಾತ್ರ, ನಿಮಗಲ್ಲ.

ಬಾಡಿಗೆ ಸರ್ವರಿನಲ್ಲಿ ಇಷ್ಟೆಲ್ಲ ಸರಿ ಮಾಡಿಕೊಂಡೆ. ಆದರೂ ನನ್ನ ಅಕ್ಕಪಕ್ಕದ ಐಪಿಯಲ್ಲಿದ್ದ ಯಾರೋ ಲಾಟರಿ ಮೇಲ್ ಕಳಿಸಿದರು. ಒಂದು ದೊಡ್ಡ ಮೇಲ್ ಕಂಪನಿ ಆ ಐಪಿಗಳ ಸಾಲಿಗೆ ಸಾಲನ್ನೇ ತಡೆಯಿತು. ನಮ್ಮಪ್ಪ ಮಾವನಿಗೆ ಕಳಿಸಿದ ಗೃಹಪ್ರವೇಶದ ಕಾಗದ ಮುಟ್ಟಲಿಲ್ಲ. ವಾಪಸ್ಸೂ ಬರಲಿಲ್ಲ, ಸುಮ್ನೆ ಕಾಣೆಯಾಯಿತು. ಮಾವ ಬರಲಿಲ್ಲ. ‘ಕರೀಲೇ ಇಲ್ಲ’ ಅನ್ನುವ ಮಾತು ನಮ್ಮ ಮನೆಯಲ್ಲಿ ಇನ್ನೂ ಆಗಾಗ ಬರುತ್ತದೆ. ಆಮೇಲೆ ನಾನು ಸರ್ವರ್ ಬಂದ್ ಮಾಡಿದೆ.

ಹುಡುಗನಿಗೆ ಕಲಿಯಲು ಬಿಡಿ, ಆದರೆ ಅವನ ಡೊಮೇನ್‌ನಲ್ಲಿ. ನಿಮ್ಮದರಲ್ಲಿ ಬೇಡ.

ಒತ್ತಕ್ಷರ:

ಸ್ಪೆಲ್ಲಿಂಗ್ ಜಗಳಕ್ಕೆ ನೇರ ಪರಿಹಾರ ಯಾರೂ ಹೇಳಲಿಲ್ಲವಲ್ಲ. ಕನ್ನಡದಲ್ಲೇ ವಿಳಾಸ ಇಟ್ಟುಕೊಳ್ಳಿ! ‘.ಭಾರತ’ ಅಂತ ಕನ್ನಡ ಲಿಪಿಯ ಡೊಮೇನ್ ಇದೆ, ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿಯವರದೇ. ಅಟ್ ಗುರುತಿನ ಹಿಂದೆಯೂ ಕನ್ನಡ, ಮುಂದೆಯೂ ಕನ್ನಡ. ಇದಕ್ಕೆ ಬೇಕಾದ ನಿಯಮಗಳು 2012ರಲ್ಲೇ ಬಂದಿವೆ. ಜಿಮೇಲ್ 2014ರಿಂದ ಇಂಥ ವಿಳಾಸದ ಜೊತೆ ವ್ಯವಹಾರ ಮಾಡುತ್ತದೆ.

ಹೇಳಿದೆ ಸರಿ, ನಾನು ಇಟ್ಟುಕೊಂಡಿದ್ದೇನಾ? ಇಟ್ಟುಕೊಂಡಿದ್ದೇನೆ. ಬಳಸುತ್ತೇನಾ? ಗೆಳೆಯರಿಬ್ಬರ ಜೊತೆ ಮಾತ್ರ. ಕಳಿಸುವ ಸರ್ವರ್, ಪಡೆಯುವ ಸರ್ವರ್ ಎರಡೂ ಒಪ್ಪಬೇಕು. ಇನ್ನು ಬ್ಯಾಂಕಿನ ಫಾರ್ಮು, ರೈಲಿನ ಫಾರ್ಮು, ಯಾವುದರಲ್ಲಿ ಹಾಕಿದರೂ ನನಗೆ ಕೆಂಪು ಅಕ್ಷರದಲ್ಲಿ ‘ಸರಿಯಾದ ಇಮೇಲ್ ಕೊಡಿ’ ಎಂದೇ ಬಂದಿದೆ. ಡೊಮೇನ್ ಒಳಗೊಳಗೆ ಎಕ್ಸ್‌ಎನ್ ಅಂತ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬದಲಾಗುತ್ತದೆ. ಕೆಲವು ಕಡೆ ಅದೇ ಕಾಣಿಸಿ ಜನ ಮೋಸದ ಮೇಲ್ ಅಂದುಕೊಳ್ಳುತ್ತಾರೆ.

ಮೇಡಂ, ನೀವು ಡಿಟಿಪಿಯವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ: ಅಕ್ಷರ ಒಡೆಯಲು ನಡುವೆ ಹಾಕುವ ಕಾಣದ ಅಕ್ಷರ ಇದೆಯಲ್ಲ, ಡೊಮೇನ್ ಹೆಸರಿನಲ್ಲಿ ಅದು ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ. ಹಳೆಯ ನಿಯಮ ಅದನ್ನು ನುಂಗಿಹಾಕುತ್ತಿತ್ತು, ಹೊಸ ನಿಯಮ ಕೆಲವು ಕಡೆ ಬಿಡುತ್ತದೆ. ‘ಅರ್ಧ ಅಕ್ಷರ’ ಇಲ್ಲದ ಹೆಸರನ್ನೇ ಆರಿಸಬೇಕು. ಸದ್ಯಕ್ಕೆ ಮನೆಗೆ ಹಾಕುವ ನಾಮಫಲಕದ ಹಾಗೆ ಒಂದು ಇರಲಿ, ಬ್ಯಾಂಕಿಗೆ ಡಾಟ್ ಇನ್ ಇರಲಿ.

ಸುಮ್ನಿರೋಣ:

ಎಲ್ಲ ಸರಿ ಸ್ವಾಮಿ. ನೀವು ಇಲ್ಲದ ದಿನ ಈ ಡೊಮೇನಿಗೆ ದುಡ್ಡು ಕಟ್ಟುವವರು ಯಾರು? ನಮ್ಮ ಅಣ್ಣ ತೀರಿಕೊಂಡಾಗ ಅವನ ಡೊಮೇನ್ ಯಾರ ಹತ್ತಿರ ಕೊಂಡದ್ದು ಅಂತಲೂ ನಮಗೆ ಗೊತ್ತಿರಲಿಲ್ಲ. ಅತ್ತಿಗೆಯ ಮೇಲ್ ಕೂಡ ಅದರಲ್ಲೇ ಇತ್ತು. ಹುಡುಕುವಷ್ಟರಲ್ಲಿ ಹೋಯಿತು. ಜಿಮೇಲ್ ಆಗಿದ್ದರೆ ಅತ್ತಿಗೆಯದಾದರೂ ಉಳಿಯುತ್ತಿತ್ತು.

ಗೇರುಬೀಜ:

ಈ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ನಾನು ಮಾಡಿದ್ದು ಇಷ್ಟು: ಡೊಮೇನ್ ಖಾತೆಯ ಹೆಸರು, ಪಾಸ್‌ವರ್ಡ್, ಮುಗಿಯುವ ದಿನ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಎಲ್‌ಐಸಿ ಬಾಂಡುಗಳ ಜೊತೆ ಇಟ್ಟಿದ್ದೇನೆ. ಹೆಂಡತಿಗೆ ಒಮ್ಮೆ ಕೂರಿಸಿ ದುಡ್ಡು ಕಟ್ಟುವುದು ತೋರಿಸಿದೆ. ‘ನನಗೇನು ಬೇಡ, ಕಟ್ಟೋದು ಬಿಟ್ಟು ಹೋಗಬೇಡಿ’ ಅಂದಳು.

ಕರಡುಪ್ರತಿ:

ಎಲ್ಲರಿಗೂ ಧನ್ಯವಾದ. ಭಾವನ ಮಗನಿಗೆ ಪೋರ್ಟ್25 ಅವರ ಉತ್ತರ ಓದಿಸಿದೆ. ಮುಖ ಸಪ್ಪೆ ಮಾಡಿಕೊಂಡ, ಆಮೇಲೆ ಗೃಹಪ್ರವೇಶದ ಕಥೆಗೆ ನಕ್ಕ.

ದುಡ್ಡು ಕೊಡುವ ಒಂದು ಸಣ್ಣ ಪ್ಲಾನ್ ತೆಗೆದುಕೊಂಡೆ, ಎರಡು ಡಬ್ಬಿ, ಮಗಳಿಗೆ ಅಲಿಯಾಸ್. ಬರುವ ಮೇಲ್ ಬರುತ್ತಿದೆ! ಆದರೆ ಮಗಳ ಜಿಮೇಲಿಗೆ ಕಳಿಸಿದರೆ ಸ್ಪ್ಯಾಮ್‌ಗೆ ಬೀಳುತ್ತದೆ. ಮಗಳು ಕಂಪ್ಯೂಟರಿನಲ್ಲಿ ಆ ಮೇಲ್ ತೆರೆದು, ಮೂರು ಚುಕ್ಕೆ ಒತ್ತಿ ‘ಷೋ ಒರಿಜಿನಲ್’ ನೋಡಿದಳು. ಎಸ್‌ಪಿಎಫ್ ಮುಂದೆ ‘ಪರ್ಮ್‌ಎರರ್’ ಅಂತಿದೆ, ಡಿಕೆಐಎಂ ಮುಂದೆ ‘ಫೇಲ್’. ಕೊಟ್ಟ ಸಾಲನ್ನು ಒಂದಕ್ಷರ ಬಿಡದೆ ಅಂಟಿಸಿದ್ದೇನೆ. ಕರಡು ತಿದ್ದುವವಳು, ಎರಡು ಸಲ ತಾಳೆ ನೋಡಿದ್ದೇನೆ. ಎರಡು ದಿನವಾಯಿತು.

ಗೇರುಬೀಜ:

ಸಾಲು ಸರಿ ಇರುತ್ತದೆ ಅಕ್ಕಾ. ಎಡಗಡೆಯ ‘ಹೆಸರು’ ಕಾಲಂ ನೋಡಿ. ಡಿಕೆಐಎಂನ ಹೆಸರಿನ ಕೊನೆಯಲ್ಲಿ ನಿಮ್ಮ ಡೊಮೇನ್ ಎರಡು ಸಲ ಬಂದಿದೆಯಾ? ಕೆಲವು ಡೊಮೇನ್ ಅಂಗಡಿಗಳ ಪ್ಯಾನೆಲ್ (ಈ ಸಾಲುಗಳನ್ನು ಬರೆಯುವ ಪುಟ) ಡೊಮೇನನ್ನು ತಾನೇ ಸೇರಿಸಿಕೊಳ್ಳುತ್ತದೆ. ನಾವು ಪೂರ್ತಿ ಅಂಟಿಸಿದರೆ ಎರಡಾಗುತ್ತದೆ. ಡೊಮೇನ್‌ಕೀ ಅನ್ನುವಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಅಳಿಸಿ.

ಎಸ್‌ಪಿಎಫ್‌ಗೆ ಪರ್ಮ್‌ಎರರ್ ಬಂತು ಅಂದರೆ ಬಹುತೇಕ ಎರಡು ಎಸ್‌ಪಿಎಫ್ ಸಾಲು ಇವೆ. ಡೊಮೇನ್ ಕೊಂಡಾಗಲೇ ಅಂಗಡಿಯವರು ತಮ್ಮದೊಂದು ಹಾಕಿರಬಹುದು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್. ಅವರದನ್ನು ಅಳಿಸಿ, ಮೇಲ್ ಸೇವೆಯವರು ಕೊಟ್ಟದ್ದನ್ನು ಉಳಿಸಿ. ಎಂಎಕ್ಸ್‌ನಲ್ಲೂ ಅವರ ಹಳೆಯ ಸಾಲು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಕೆಲವು ಮೇಲ್ ಅಲ್ಲಿಗೆ ಹೋಗಿ ಕಾಣೆಯಾಗುತ್ತವೆ.

ಡಿಕೆಐಎಂನ ಉದ್ದ ಸಾಲು ಪೂರ್ತಿ ಕೂತಿದೆಯಾ ಅಂತಲೂ ನೋಡಿ. ಒಂದು ತುಂಡಿಗೆ 255 ಅಕ್ಷರದ ಮಿತಿ ಇದೆ, ಆ ಸಾಲಿನಲ್ಲಿರುವ 2048 ಬಿಟ್ಟಿನ ಕೀ (ಮುದ್ರೆಯನ್ನು ತಾಳೆ ನೋಡುವ ಸಂಕೇತ) ಅದಕ್ಕಿಂತ ಉದ್ದ. ಒಳ್ಳೆಯ ಪ್ಯಾನೆಲ್ ತಾನೇ ಎರಡು ತುಂಡು ಮಾಡುತ್ತದೆ, ಕೆಲವು ಕೊನೆಯನ್ನು ಕತ್ತರಿಸಿಬಿಡುತ್ತವೆ.

ಇನ್ನೊಂದು, ಕೇಳಲಿಲ್ಲ ಆದರೂ ಹೇಳುತ್ತೇನೆ. ನೀವು ಫೈಲು ಕಳಿಸುವವರು. 25 ಎಂಬಿ ಮಿತಿ ಅಂದರೆ 25 ಎಂಬಿ ಫೈಲು ಅಂತಲ್ಲ. ಮೇಲಿನಲ್ಲಿ ಹೋಗುವಾಗ ಫೈಲು ಮೂರನೇ ಒಂದು ಪಾಲು ಉಬ್ಬುತ್ತದೆ. 18 ಎಂಬಿ ದಾಟಿದ್ದನ್ನು ಲಿಂಕ್ ಮಾಡಿ ಕಳಿಸಿ.

ಕರಡುಪ್ರತಿ:

ಹೌದು! ಡೊಮೇನ್ ಎರಡು ಸಲ ಇತ್ತು. ಪುನರುಕ್ತಿ ದೋಷ, ಅದೂ ನನ್ನ ಕೈಯಲ್ಲಿ. ಎಸ್‌ಪಿಎಫ್ ಕೂಡ ಎರಡಿತ್ತು, ಒಂದನ್ನು ಅಳಿಸಿದೆ. ಒಂದು ಗಂಟೆ ಬಿಟ್ಟು ಕಳಿಸಿದರೆ ಮೂರರ ಮುಂದೆಯೂ ‘ಪಾಸ್’. ಮಗಳು ಅದರ ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕಿದಳು. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಅಂದುಕೊಂಡು ನಮ್ಮ ಅತ್ತೆ ಯಾರದು ಅಂತ ಕೇಳಿದರು.

ಸುಮ್ನಿರೋಣ ಅವರ ಮಾತು ಮನಸ್ಸಿಗೆ ತಾಗಿತು. ಡೊಮೇನ್ ಐದು ವರ್ಷಕ್ಕೆ ಕಟ್ಟಿದೆ, ಖಾತೆಗೆ ನಾಲ್ಕು ಅಂಕೆಯ ಜಿಮೇಲ್ ಹಾಕಿದೆ. ಹಾಳೆಯನ್ನು ಯಜಮಾನರು ಅಡಿಕೆ ಮಂಡಿಯ ಪಟ್ಟಿಗಳ ಫೈಲಿನಲ್ಲಿ ಇಟ್ಟಿದ್ದಾರೆ. ಆ ಫೈಲನ್ನಂತೂ ನಮ್ಮ ಮನೆಯಲ್ಲಿ ಯಾರೂ ಕಳೆಯುವುದಿಲ್ಲ.

ಹಳೆಯ ಮೇಲ್ 2017ರವರೆಗೆ ಬಂದಿದೆ, ದಿನಾ ರಾತ್ರಿ ಒಂದೊಂದು ವರ್ಷ ಎಳೆಯುತ್ತಿದ್ದೇನೆ. ಬ್ಯಾಂಕಿನವರು ವಿಳಾಸ ಬದಲಿಸಲು ಶಾಖೆಗೇ ಬನ್ನಿ ಅಂದರು. ಹೋದೆ. ಕೌಂಟರಿನ ಹುಡುಗಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವಳು ಟಿ ಪಕ್ಕದಲ್ಲಿ ಎಚ್ ಸೇರಿಸಿಯೇ ಬರೆದಳು. ತಿದ್ದಿಸಿಕೊಂಡು ಬಂದೆ. ಸಂಜೆ ಎಚ್ ಇರುವ ಡೊಮೇನನ್ನೂ ಕೊಂಡೆ.